ನಕ್ಷೆಯನ್ನು ಕೊನೆಗೆ ಓದುವವರು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ. ಲೇಖಕರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಶಾಲೆಗೆ 50 ವರ್ಷ ತುಂಬಿದ ಈ ಹೊತ್ತಿನಲ್ಲಿ ನಾಲ್ಕು ಮಾತಾಡಲು ನನ್ನನ್ನು ಕರೆದದ್ದಕ್ಕೆ ನಾನು ಋಣಿ. ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ಒಂದು ಷರತ್ತು ಹಾಕಿದ್ದರು: "ಉಪದೇಶ ಬೇಡ, ನೀನು ದಿನಾ ಮಾಡುವ ಕೆಲಸದ ಬಗ್ಗೆ ಹೇಳು. ಮಕ್ಕಳಿಗೂ ತಿಳಿಯಬೇಕು, ಊರವರಿಗೂ ತಿಳಿಯಬೇಕು." ಸಾಫ್ಟ್‌ವೇರ್ ಅಂದರೆ ಊರಲ್ಲಿ ಮಾತು ಸಾಮಾನ್ಯವಾಗಿ ಸಂಬಳದ ಹತ್ತಿರ ಬಂದು ನಿಲ್ಲುತ್ತದೆ. ಇವತ್ತು ಅದನ್ನು ದಾಟಿ ಸ್ವಲ್ಪ ಒಳಗೆ ಹೋಗೋಣ.

ನನ್ನ ಕೆಲಸ ಕರೆಂಟಿನ ನಕ್ಷೆ ಬರೆಯುವ ಸಾಫ್ಟ್‌ವೇರಿಗೆ ಸಂಬಂಧಿಸಿದ್ದು. ಕಾರ್ಖಾನೆಯಲ್ಲಿ ಆಳೆತ್ತರದ ಬೀರುವಿನಂಥ ಪ್ಯಾನೆಲ್‌ಗಳಿರುತ್ತವೆ. ನಿಮ್ಮ ತೋಟದ ಪಂಪ್‌ಮನೆಯಲ್ಲಿ ಗೋಡೆಗೆ ಸ್ಟಾರ್ಟರ್ ಡಬ್ಬ ಇದೆಯಲ್ಲ, ಅದರ ದೊಡ್ಡಣ್ಣ ಅಂದುಕೊಳ್ಳಿ. ಸ್ಟಾರ್ಟರಿನಲ್ಲಿ ಒಂದು ಕಾಂಟ್ಯಾಕ್ಟರ್, ಒಂದು ಓವರ್‌ಲೋಡ್ ರಿಲೇ, ಹಸಿರು ಗುಂಡಿ, ಕೆಂಪು ಗುಂಡಿ ಇದ್ದರೆ ಆಯಿತು. ಪ್ಯಾನೆಲ್‌ನಲ್ಲಿ ಅಂಥವು ನೂರಾರು, ತಂತಿಗಳು ಸಾವಿರಾರು. ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿ ಸೇರಬೇಕು ಎಂಬುದನ್ನು ಹಾಳೆಯ ಮೇಲೆ ಹಾಳೆಯಂತೆ ಬರೆಯುತ್ತಾರೆ. ಹಿಂದೆ ಪೆನ್ಸಿಲ್, ಸ್ಕೇಲ್ ಹಿಡಿದು ಬರೆಯುತ್ತಿದ್ದರು. ಈಗ ಆಟೋಕ್ಯಾಡ್ ಎಲೆಕ್ಟ್ರಿಕಲ್, ಈಪ್ಲಾನ್ ಇಂಥ ಸಾಫ್ಟ್‌ವೇರ್‌ಗಳಿವೆ. ಅವನ್ನು ಒಂದೊಂದು ಕಂಪನಿಗೆ ಬೇಕಾದ ಹಾಗೆ ಹದ ಮಾಡಿಕೊಡುವುದು ನನ್ನಂಥವರ ಕೆಲಸ.

ಆ ಹದ ಮಾಡುವುದರಲ್ಲಿ ಮುಖ್ಯವಾದ ಭಾಗಕ್ಕೆ ನಮ್ಮಲ್ಲಿ ಹೇಳುವುದು ‘ಡೀಫಾಲ್ಟ್ ಪ್ರಾಪರ್ಟಿ ಫಾರ್ಮ್ಯಾಟ್’ ಎಂದು. ಮೂರೂ ಇಂಗ್ಲಿಷ್ ಪದ. ಮೊದಲ ಎರಡಕ್ಕೆ ಊರಲ್ಲಿ ಆಗಲೇ ಬೇರೆ ಅರ್ಥ ಇದೆ. ಪ್ರಾಪರ್ಟಿ ಅಂದರೆ ಹೊಲ ಮನೆ. ಡೀಫಾಲ್ಟ್ ಅಂದರೆ ಸೊಸೈಟಿ ಸಾಲ ಕಟ್ಟದೆ ಉಳಿಸಿಕೊಂಡದ್ದು. ಹಾಗಾಗಿ ನಾನು "ಡೀಫಾಲ್ಟ್ ಪ್ರಾಪರ್ಟಿ ಸರಿ ಮಾಡುತ್ತೇನೆ" ಎಂದರೆ ಯಾರದೋ ಜಮೀನು ಹರಾಜಿಗೆ ಬಂದಿದೆ ಎಂದುಕೊಂಡಾರು. ಅದಕ್ಕೇ ಮೂರನ್ನೂ ಬಿಡಿಸಿ ಹೇಳುತ್ತೇನೆ.

ಪ್ರಾಪರ್ಟಿ ತಿಳಿಯಲು ಪಹಣಿ ಸಾಕು. ಪಹಣಿಯಲ್ಲಿ ಏನಿದೆ? ಸರ್ವೆ ನಂಬರು, ವಿಸ್ತೀರ್ಣ, ಹೆಸರು, ಬೆಳೆ, ನೀರಿನ ಮೂಲ. ಒಂದೇ ತುಂಡು ಭೂಮಿಯ ಬಗ್ಗೆ ಇಷ್ಟು ವಿವರ. ಹಾಗೆಯೇ ನಕ್ಷೆಯಲ್ಲಿ ಒಂದು ಕಾಂಟ್ಯಾಕ್ಟರಿನ ಚಿಹ್ನೆ ಬರೆದರೆ ಅದರ ಹಿಂದೆ ಒಂದು ಪಹಣಿ ಇರುತ್ತದೆ: ಅದರ ಹೆಸರು, ಕಾಯಿಲ್ ಎಷ್ಟು ವೋಲ್ಟಿನದು, ಎಷ್ಟು ಆಂಪಿಯರ್ ತಡೆಯುತ್ತದೆ, ಯಾವ ತಯಾರಕರ ಯಾವ ನಂಬರಿನ ಮಾಲು, ಪ್ಯಾನೆಲ್‌ನಲ್ಲಿ ಎಲ್ಲಿ ಕೂತಿದೆ, ಅದರ ಉಳಿದ ಕಾಂಟ್ಯಾಕ್ಟ್‌ಗಳು ಯಾವ ಹಾಳೆಯಲ್ಲಿವೆ. ಇವೆಲ್ಲ ಆ ಚಿಹ್ನೆಯ ಪ್ರಾಪರ್ಟಿಗಳು.

ಫಾರ್ಮ್ಯಾಟ್ ತಿಳಿಯಲೂ ಪಹಣಿಯೇ ಸಾಕು. ವಿಸ್ತೀರ್ಣದ ಕಾಲಂನಲ್ಲಿ 2.10 ಎಂದಿದ್ದರೆ ಇಲ್ಲಿ ಕೂತ ಹಿರಿಯರೆಲ್ಲ 2 ಎಕರೆ 10 ಗುಂಟೆ ಎಂದು ಓದುತ್ತೀರಿ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ಅದು ಎರಡೂಕಾಲು ಎಕರೆ. ಅದೇ ಕಾಗದವನ್ನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ಸಹೋದ್ಯೋಗಿಯ ಕೈಗೆ ಕೊಟ್ಟರೆ ಅವರು ದಶಮಾಂಶ ಎಂದುಕೊಂಡು 2 ಎಕರೆಗೆ ಮೇಲೆ ಹತ್ತರಲ್ಲಿ ಒಂದು ಭಾಗ ಎನ್ನುತ್ತಾರೆ. ಆರು ಗುಂಟೆ ಗಾಳಿಗೆ ಹೋಯಿತು! ಕಾಗದದ ಮೇಲಿನ ಅಂಕಿ ಸರಿ, ಅಳತೆಯೂ ಸರಿ. ಬರೆದವರ ಮನಸ್ಸಿನ ಪದ್ಧತಿ ಬೇರೆ, ಓದುವವರ ಮನಸ್ಸಿನ ಪದ್ಧತಿ ಬೇರೆ. ಆ ಪದ್ಧತಿಗೇ ಫಾರ್ಮ್ಯಾಟ್ ಎನ್ನುವುದು.

ಇನ್ನು ಡೀಫಾಲ್ಟ್. ಯಾರೂ ಏನೂ ಹೇಳದಿದ್ದಾಗ ಏನು ನಡೆಯುತ್ತದೋ ಅದು ಡೀಫಾಲ್ಟ್. ಹೋಟೆಲಿನಲ್ಲಿ "ಒಂದು ಕಾಫಿ" ಎಂದರೆ ಸಕ್ಕರೆ ಹಾಕಿಯೇ ಬರುತ್ತದೆ. ಬೇಡದವರು ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಸಕ್ಕರೆ ಹಾಕಬೇಕು ಎಂದು ಯಾರೋ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಾರೆ, ಅಷ್ಟೆ. ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಆ ತೀರ್ಮಾನ ಕಣ್ಣಿಗೆ ಬೀಳುತ್ತದೆ. ಉಳಿದವರಿಗೆ ಅದು ತೀರ್ಮಾನ ಎಂದೇ ಅನಿಸುವುದಿಲ್ಲ. ಕಾಫಿ ಅಂದರೆ ಹಾಗೇ ಇರುತ್ತದೆ ಅನಿಸುತ್ತದೆ.

ಡೀಫಾಲ್ಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ಇಲ್ಲದಿದ್ದರೆ ಕೆಲಸ ಸಾಗುವುದೇ ಇಲ್ಲ. ಒಂದು ಚಿಹ್ನೆ ಬರೆದಾಗಲೆಲ್ಲ ಅಕ್ಷರ ಎಷ್ಟು ದೊಡ್ಡದು, ಹೆಸರು ಎಡಕ್ಕೋ ಬಲಕ್ಕೋ, ಯಾವ ವಿವರ ಕಾಣಿಸಬೇಕು, ಯಾವುದನ್ನು ಮರೆಮಾಡಬೇಕು ಎಂದು ಕೇಳುತ್ತಾ ಕೂತರೆ ಎಂಜಿನಿಯರು ಒಂದು ಹಾಳೆ ಮುಗಿಸಲು ವಾರ ಬೇಕು. ನಮ್ಮ ಮೇಷ್ಟ್ರು ವರ್ಷದ ಮೊದಲ ದಿನವೇ "ಎಡಗಡೆ ಮಾರ್ಜಿನ್ ಬಿಡಿ, ಮೇಲೆ ದಿನಾಂಕ ಬರೆಯಿರಿ, ಲೆಕ್ಕದ ಕೊನೆಯಲ್ಲಿ ಮಾನ ಬರೆಯಿರಿ" ಎಂದು ಹೇಳಿಬಿಡುತ್ತಿದ್ದರು. ಆಮೇಲೆ ವರ್ಷವಿಡೀ ಅದರ ಚಿಂತೆ ಇಲ್ಲ. ಲೆಕ್ಕದ ಕಡೆ ಮಾತ್ರ ಗಮನ. ಒಳ್ಳೆಯ ಡೀಫಾಲ್ಟ್ ಮಾಡುವ ಉಪಕಾರ ಅದು.

ಸಾಫ್ಟ್‌ವೇರಿನಲ್ಲಿ ಇದು ಹೇಗೆ ಕೂತಿರುತ್ತದೆ ನೋಡಿ. ಆಟೋಕ್ಯಾಡ್ ಎಲೆಕ್ಟ್ರಿಕಲ್‌ನಲ್ಲಿ ಉಪಕರಣಕ್ಕೆ ಹೆಸರಿಡುವ ಸೂತ್ರ ಒಂದಿದೆ. ತಯಾರಕರು ಇಟ್ಟು ಕಳಿಸಿರುವ ಸೂತ್ರ ‘%ಎಫ್%ಎನ್’. ಎಫ್ ಎಂದರೆ ಉಪಕರಣದ ಜಾತಿ, ಎನ್ ಎಂದರೆ ಸಂಖ್ಯೆ. ಕಂಟ್ರೋಲ್ ರಿಲೇಗೆ ಜಾತಿ ಅಕ್ಷರ ‘ಸಿಆರ್’. ಅದು ನಕ್ಷೆಯ 406ನೇ ಸಾಲಿನಲ್ಲಿದ್ದರೆ, ಸಾಲಿನ ನಂಬರನ್ನೇ ಹೆಸರಿಗೆ ತೆಗೆದುಕೊಳ್ಳುವ ಪದ್ಧತಿ ಆರಿಸಿಕೊಂಡಿದ್ದರೆ, ಅದರ ಹೆಸರು ‘ಸಿಆರ್406’. ಪ್ಯಾನೆಲ್‌ನಲ್ಲಿ ಆ ಚೀಟಿ ಕಂಡ ಎಲೆಕ್ಟ್ರಿಷಿಯನ್ ಸೀದಾ ನಕ್ಷೆಯ 406ನೇ ಸಾಲಿಗೆ ಹೋಗಬಹುದು. ಮನೆ ನಂಬರೇ ವಿಳಾಸ ಆದ ಹಾಗೆ. ಬೇಕಾದರೆ ಸೂತ್ರಕ್ಕೆ ‘%ಎಸ್’ ಸೇರಿಸಿ ಹಾಳೆಯ ನಂಬರನ್ನೂ ಹೆಸರಿಗೆ ತರಬಹುದು.

ಚೆನ್ನಾಗಿದೆಯಲ್ಲ? ಇದಕ್ಕೊಂದು ಇನ್ನೊಂದು ಮುಖ ಇದೆ. ಆರು ತಿಂಗಳ ನಂತರ ನಡುವೆ ಹೊಸದಾಗಿ ಎರಡು ಸಾಲು ಸೇರಿಸುತ್ತಾರೆ. 406ನೇ ಸಾಲು 408 ಆಗುತ್ತದೆ. ಮತ್ತೆ ಹೆಸರಿಡು ಎಂದು ಸಾಫ್ಟ್‌ವೇರಿಗೆ ಹೇಳಿದರೆ ನಕ್ಷೆಯಲ್ಲಿ ರಿಲೇಯ ಹೆಸರು ‘ಸಿಆರ್408’ ಆಗುತ್ತದೆ. ಆದರೆ ಕಾರ್ಖಾನೆಯಲ್ಲಿ ಆ ರಿಲೇಯ ಮೇಲೆ ಅಂಟಿಸಿದ ಚೀಟಿ? ಅದು ತಾನಾಗಿ ಬದಲಾಗುವುದಿಲ್ಲ. ಬದಲಾಗುತ್ತಲೇ ಇರುವ ಯಂತ್ರಕ್ಕೆ ಸಾಲಿನ ನಂಬರಿನ ಹೆಸರು ಒಗ್ಗುವುದಿಲ್ಲ. 1, 2, 3 ಎಂದು ಸುಮ್ಮನೆ ಕ್ರಮಸಂಖ್ಯೆ ಕೊಡುವುದೇ ಮೇಲು. ಒಮ್ಮೆ ಮಾಡಿ ಮುಗಿಸುವ ಯಂತ್ರಕ್ಕೆ ಸಾಲಿನ ನಂಬರು ಚೆನ್ನ. ಇದರಲ್ಲಿ ಒಂದು ಸರಿ, ಒಂದು ತಪ್ಪು ಎಂದಿಲ್ಲ. ಯಾರಿಗಾಗಿ, ಎಷ್ಟು ಕಾಲಕ್ಕಾಗಿ ಎಂದು ಕೇಳಿಕೊಂಡು ಆರಿಸಬೇಕು.

ಯೂರೋಪಿನ ಪದ್ಧತಿ ಬೇರೆ. ಅಂತರರಾಷ್ಟ್ರೀಯ ವಿದ್ಯುತ್ ಮಂಡಳಿಯಾದ ಐಇಸಿಯ 81346 ಎಂಬ ಮಾನಕದ ಪ್ರಕಾರ ಹೆಸರಿನಲ್ಲಿ ಮೂರು ಚಿಹ್ನೆ ಬರುತ್ತವೆ. ‘=’ ಇದ್ದರೆ ಅದು ಯಾವ ಕೆಲಸಕ್ಕೆ, ‘+’ ಇದ್ದರೆ ಅದು ಎಲ್ಲಿದೆ, ‘-’ ಇದ್ದರೆ ಅದು ಯಾವ ವಸ್ತು. ನಾವು "ನೀರಿನ ಕೆಲಸದ್ದು, ಕೆರೆ ಕೆಳಗಿನ ಪಂಪ್‌ಮನೆಯಲ್ಲಿರುವ ಸ್ಟಾರ್ಟರು" ಎನ್ನುತ್ತೇವಲ್ಲ, ಅದನ್ನೇ ಮೂರು ಗುರುತಿನಲ್ಲಿ ಹೇಳಿದ ಹಾಗೆ. ಆದರೆ ಗಣಿತದ ಕೂಡು, ಕಳೆ ಮಾತ್ರ ಗೊತ್ತಿರುವವರಿಗೆ ಆ ಹೆಸರು ಲೆಕ್ಕದ ಹಾಗೆ ಕಾಣುತ್ತದೆ. ಹೇಳಿಕೊಟ್ಟರೆ ಐದು ನಿಮಿಷದ ವಿಷಯ. ಹೇಳಿಕೊಡದಿದ್ದರೆ ಹಾಳೆಯೆಲ್ಲ ಒಗಟು.

ವಿದ್ಯಾರ್ಥಿಗಳಿಗಾಗಿ ಒಂದು ಉದಾಹರಣೆ. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ರೋಧಕದ ಚಿಹ್ನೆ ಅಂಕುಡೊಂಕು ಗೆರೆ. ಐಇಸಿ ನಕ್ಷೆಯಲ್ಲಿ ರೋಧಕ ಒಂದು ಉದ್ದನೆಯ ಪೆಟ್ಟಿಗೆ. ಮುಂದೆ ಪಿಯುಸಿಗೆ ಹೋದಾಗ ಎರಡು ಸಮಾನಾಂತರ ಗೆರೆ ಬರೆದು ಕೆಪ್ಯಾಸಿಟರ್ ಎಂದು ಕಲಿಯುತ್ತೀರಿ. ಅಮೆರಿಕದ ಕಂಟ್ರೋಲ್ ನಕ್ಷೆಯಲ್ಲಿ ಅದೇ ಎರಡು ಗೆರೆ ಕಂಡರೆ ಅದು ಕೆಪ್ಯಾಸಿಟರ್ ಅಲ್ಲ, ರಿಲೇಯ ತೆರೆದಿರುವ ಕಾಂಟ್ಯಾಕ್ಟ್. ಚೆನ್ನಾಗಿ ಓದಿದ ಹುಡುಗನೂ ಮೊದಲ ದಿನ ಕಾರ್ಖಾನೆಯಲ್ಲಿ "ಇಷ್ಟೊಂದು ಕೆಪ್ಯಾಸಿಟರ್ ಯಾಕೆ?" ಎಂದು ಕೇಳಿದರೆ ಅದು ಅವನ ದಡ್ಡತನವಲ್ಲ. ಅವನು ಕಲಿತ ಪದ್ಧತಿ ಬೇರೆ, ಆ ಸಾಫ್ಟ್‌ವೇರಿಗೆ ಹಾಕಿಕೊಂಡ ಚಿಹ್ನೆಗಳ ಪದ್ಧತಿ ಬೇರೆ.

ಅಂಕಿಗಳಲ್ಲೂ ಹೀಗೇ. ಜರ್ಮನಿಯಲ್ಲಿ ಎರಡೂವರೆ ಚದರ ಮಿಲಿಮೀಟರ್ ತಂತಿಯನ್ನು 2,5 ಎಂದು ಅಲ್ಪವಿರಾಮ ಹಾಕಿ ಬರೆಯುತ್ತಾರೆ. ಅಲ್ಲಿ 1.500 ಎಂದರೆ ಒಂದೂವರೆ ಅಲ್ಲ, ಸಾವಿರದ ಐನೂರು. ನಾವು ಲಕ್ಷವನ್ನು 1,00,000 ಎಂದು ಬರೆದರೆ ಅವರ ಗಣಕಕ್ಕೆ ಅಲ್ಪವಿರಾಮಗಳು ಎಲ್ಲಿ ಬಂದವು ಎಂದೇ ತಿಳಿಯದು. ಒಂದು ಕಡೆ ತಯಾರಾದ ತಂತಿಗಳ ಪಟ್ಟಿಯನ್ನು ಇನ್ನೊಂದು ಕಡೆ ತೆರೆದಾಗ ಈ ಚುಕ್ಕೆ, ಅಲ್ಪವಿರಾಮಗಳನ್ನು ಕಾಯುವುದೇ ನಮ್ಮ ದಿನದ ಒಂದು ಪಾಲು ಕೆಲಸ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ. ಅದು ಬಣ್ಣ. ಊರಿನಲ್ಲಿ ಕರೆಂಟ್ ಕೆಲಸ ಮಾಡುವ ಅಣ್ಣಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು.

ನಮ್ಮಲ್ಲಿ ಮೂರು ಫೇಸ್‌ಗೆ ಕೆಂಪು, ಹಳದಿ, ನೀಲಿ. ‘ಆರ್ ವೈ ಬಿ’ ಎಂದು ಎಲ್ಲರ ಬಾಯಲ್ಲೂ ಇದೆ. ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಯೂರೋಪಿನಲ್ಲಿ ಮೂರು ಫೇಸ್‌ಗೆ ಕಂದು, ಕಪ್ಪು, ಬೂದು. ನ್ಯೂಟ್ರಲ್ ನೀಲಿ, ಅರ್ತ್ ಹಸಿರು-ಹಳದಿ ಪಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀಲಿ ಇಲ್ಲಿ ಫೇಸ್, ಅಲ್ಲಿ ನ್ಯೂಟ್ರಲ್. ಕಪ್ಪು ಇಲ್ಲಿ ನ್ಯೂಟ್ರಲ್, ಅಲ್ಲಿ ಫೇಸ್. ಎರಡು ಬಣ್ಣವೂ ಸರಿಯಾಗಿ ತಿರುವುಮುರುವು. ನಮ್ಮ ಊರಿನಲ್ಲಿ 30 ವರ್ಷ ಕೆಲಸ ಮಾಡಿದ ಅನುಭವಸ್ಥರ ಮುಂದೆ ಯೂರೋಪಿನ ಬಣ್ಣದ ಯಂತ್ರ ಬಂದು ನಿಂತರೆ ಅವರ ಅನುಭವವೇ ಅವರಿಗೆ ತಪ್ಪು ದಾರಿ ತೋರಿಸುತ್ತದೆ. ಕಪ್ಪು ತಂತಿಯನ್ನು ಕಂಡು ನ್ಯೂಟ್ರಲ್ ಎಂದು ಕೈ ಹಾಕಿದರೆ ಅಲ್ಲಿರುವುದು 230 ವೋಲ್ಟ್.

ಬ್ರಿಟನ್ನಿನಲ್ಲೂ ಹಿಂದೆ ಕೆಂಪು, ಹಳದಿ, ನೀಲಿಯೇ ಇತ್ತು, ನ್ಯೂಟ್ರಲ್ ಕಪ್ಪೇ ಇತ್ತು. 2004ರಲ್ಲಿ ಅವರು ಯೂರೋಪಿನ ಬಣ್ಣಕ್ಕೆ ಬದಲಾಗಲು ಶುರುಮಾಡಿದರು. 2006ರ ಏಪ್ರಿಲ್‌ನಿಂದ ಹೊಸ ಕೆಲಸಕ್ಕೆಲ್ಲ ಹೊಸ ಬಣ್ಣವೇ ಎಂದಾಯಿತು. ಹಳೆಯ ಮನೆಗೆ ಹೊಸ ತಂತಿ ಸೇರಿಸಿದರೆ, ಈ ಕಟ್ಟಡದಲ್ಲಿ ಎರಡು ಪದ್ಧತಿಯ ಬಣ್ಣಗಳಿವೆ, ಎಚ್ಚರಿಕೆ ಎಂಬ ಫಲಕವನ್ನು ಮೇನ್ ಬೋರ್ಡಿನ ಮೇಲೆ ಅಂಟಿಸಬೇಕು ಎಂಬ ನಿಯಮ ಬಂತು. ಬಣ್ಣ ಬದಲಾಯಿಸುವುದಕ್ಕಿಂತ ಆ ಫಲಕದ ನಿಯಮ ನನಗೆ ದೊಡ್ಡದಾಗಿ ಕಾಣುತ್ತದೆ. ಮುಂದೆ ಬಂದು ಬೋರ್ಡು ತೆರೆಯುವವನು ಯಾರೋ ಏನೋ, ಅವನಿಗೊಂದು ಮಾತು ಹೇಳಿಟ್ಟ ಹಾಗೆ.

ಯೂರೋಪಿನಲ್ಲಿ ತಯಾರಾದ ಸಾಫ್ಟ್‌ವೇರನ್ನು ಹಾಗೇ ಹಾಕಿಕೊಂಡು ತಂತಿ ಎಳೆದರೆ ಅದು ಸಹಜವಾಗಿ ಅವರ ಬಣ್ಣವನ್ನೇ ತೋರಿಸುತ್ತದೆ. ಯಾರೂ ಬೇರೆ ಹೇಳದಿದ್ದರೆ ಅದೇ ಬಣ್ಣ ನಕ್ಷೆಯಲ್ಲಿ ಬರುತ್ತದೆ, ಅದೇ ಬಣ್ಣದ ತಂತಿ ಖರೀದಿಯಾಗುತ್ತದೆ, ಅದೇ ಪ್ಯಾನೆಲ್‌ಗೆ ಹೋಗುತ್ತದೆ. ಆದ್ದರಿಂದ ಹೊಸ ಕಂಪನಿಗೆ ಹೋದಾಗ ನಾನು ಮೊದಲು ಕೇಳುವುದು: ಈ ಪ್ಯಾನೆಲ್ ಎಲ್ಲಿ ನಿಲ್ಲುತ್ತದೆ? ಹುಬ್ಬಳ್ಳಿಯಲ್ಲೋ ಹ್ಯಾಂಬರ್ಗ್‌ನಲ್ಲೋ? ಹುಬ್ಬಳ್ಳಿಯಾದರೆ ಅಲ್ಲಿನ ಕೆಲಸಗಾರರಿಗೆ ತಿಳಿದ ಬಣ್ಣ ಬೇಕು. ಬೇರೆ ಬಣ್ಣ ಹಾಕಲೇಬೇಕಾದರೆ ಪ್ರತಿ ಹಾಳೆಯಲ್ಲೂ ತಂತಿಯ ಬಣ್ಣದ ಹೆಸರು ಬರೆದಿರಬೇಕು, ಬಾಗಿಲ ಒಳಗೆ ವಿವರಣೆಯ ಫಲಕ ಇರಬೇಕು.

ಯಂತ್ರಗಳ ಒಳಗಿನ ತಂತಿಗೆ ಐಇಸಿಯ 60204 ಎಂಬ ಇನ್ನೊಂದು ಮಾನಕವಿದೆ. ಅದರಲ್ಲಿ ಕಿತ್ತಳೆ ಬಣ್ಣಕ್ಕೆ ವಿಶೇಷ ಅರ್ಥ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಕರೆಂಟ್ ಉಳಿಯುವ ತಂತಿ ಕಿತ್ತಳೆ. ಪ್ಯಾನೆಲ್‌ನೊಳಗಿನ ದೀಪಕ್ಕೋ, ಬೇರೆ ಪ್ಯಾನೆಲ್‌ನಿಂದ ಬರುವ ಸಿಗ್ನಲ್‌ಗೋ ಅಂಥ ತಂತಿಗಳಿರುತ್ತವೆ. "ಆಫ್ ಮಾಡಿದ್ದೇನೆ, ಇನ್ನೇನು ಭಯ" ಎಂದು ಕೈ ಹಾಕುವವನಿಗೆ ಆ ಬಣ್ಣ ಒಂದು ಎಚ್ಚರಿಕೆ. ನಕ್ಷೆಯಲ್ಲಿ ಅದನ್ನು ಉಳಿದ ತಂತಿಯ ಹಾಗೇ ಕಪ್ಪು ಗೆರೆಯಾಗಿ ತೋರಿಸಿದರೆ ಆ ಎಚ್ಚರಿಕೆ ಹಾಳೆಯಲ್ಲೇ ಸತ್ತುಹೋಗುತ್ತದೆ.

ಒಂದು ನಿಜ ಘಟನೆ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ. ಹೊರದೇಶದಿಂದ ನಕ್ಷೆ ಸಮೇತ ಬಂದ ಯಂತ್ರಕ್ಕೆ ಇಲ್ಲಿ ಒಂದು ಭಾಗ ಸೇರಿಸಿದ್ದರು. ಮೂಲ ಯಂತ್ರದಲ್ಲಿ ಕಾಂಟ್ಯಾಕ್ಟರ್ ಕಾಯಿಲ್‌ಗಳೆಲ್ಲ 24 ವೋಲ್ಟಿನವು. ಇಲ್ಲಿ ಸೇರಿಸಿದ ಭಾಗದಲ್ಲಿ 230 ವೋಲ್ಟಿನವು. ರಾತ್ರಿ ಪಾಳಿಯಲ್ಲಿ 230ರ ಕಾಂಟ್ಯಾಕ್ಟರ್ ಕೆಟ್ಟಿತು. ಎಲೆಕ್ಟ್ರಿಷಿಯನ್ ನಕ್ಷೆ ತೆಗೆದು ನೋಡಿದರು. ಹೆಸರಿದೆ, ಎಷ್ಟು ಆಂಪಿಯರ್ ಎಂದಿದೆ, ಕಾಯಿಲ್ ವೋಲ್ಟೇಜ್ ಇಲ್ಲ. ಕೆಟ್ಟ ಕಾಯಿಲ್ ಸುಟ್ಟು ಅದರ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಸ್ಟೋರಿನಲ್ಲಿ ಅದೇ ಆಕಾರದ, ಅದೇ ಆಂಪಿಯರಿನ ಕಾಂಟ್ಯಾಕ್ಟರ್ ಇತ್ತು, 24 ವೋಲ್ಟಿನದು. ಹಾಕಿದರು. ಗುಂಡಿ ಒತ್ತಿದ ಕ್ಷಣದಲ್ಲೇ ಹೊಗೆ. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ. ಕೆಲಸ ಬೆಳಗಿನವರೆಗೆ ನಿಂತಿತು.

ಮರುದಿನ ಎಲ್ಲರೂ ಆ ಎಲೆಕ್ಟ್ರಿಷಿಯನ್ ಕಡೆಗೇ ಬೊಟ್ಟು ಮಾಡಿದರು. ನಕ್ಷೆಯ ಕಡತ ತೆರೆದು ನೋಡಿದಾಗ ವಿಷಯ ಬೇರೆಯೇ ಇತ್ತು. 230 ವೋಲ್ಟ್ ಎಂಬ ವಿವರ ಗಣಕದಲ್ಲಿ ಸರಿಯಾಗಿಯೇ ದಾಖಲಾಗಿತ್ತು. ಆದರೆ ಹಾಳೆಯ ಮೇಲೆ ಕಾಣಿಸಬೇಕಾದ ಪ್ರಾಪರ್ಟಿಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಯಾಕೆ? ಮೂಲ ಕಂಪನಿಯಲ್ಲಿ ಎಲ್ಲ ಕಾಯಿಲ್‌ಗಳೂ 24 ವೋಲ್ಟಿನವೇ. ಎಲ್ಲವೂ ಒಂದೇ ಆದಾಗ ಬರೆಯುವುದೇಕೆ ಎಂದು ಅವರು ಅದನ್ನು ಮರೆಮಾಡಿದ್ದರು. ಅವರ ಲೆಕ್ಕದಲ್ಲಿ ಅದು ಸರಿ. ಆ ಡೀಫಾಲ್ಟ್ ಸಮುದ್ರ ದಾಟಿ ಬಂತು. ಅದರ ಹಿಂದಿನ ಕಾರಣ ಬರಲಿಲ್ಲ. ಗೊತ್ತಿದ್ದೂ ಹೇಳದೆ ಉಳಿದ ಮಾತಿಗೆ ರಾತ್ರಿ ಪಾಳಿಯವನು ಬೈಸಿಕೊಂಡ.

ದೊಡ್ಡ ದೊಡ್ಡವರನ್ನೂ ಇದು ಬಿಟ್ಟಿಲ್ಲ. ಏರ್‌ಬಸ್ ಎ380 ಎಂಬ ಎರಡು ಅಂತಸ್ತಿನ ವಿಮಾನ ಕೇಳಿರುತ್ತೀರಿ. ಅದರೊಳಗೆ 500 ಕಿಲೋಮೀಟರಿಗೂ ಹೆಚ್ಚು ತಂತಿ ಇದೆ. ಜರ್ಮನಿಯ ಹ್ಯಾಂಬರ್ಗ್‌ನವರು ಕ್ಯಾಟಿಯಾ ಎಂಬ ವಿನ್ಯಾಸದ ಸಾಫ್ಟ್‌ವೇರಿನ ಹಳೆಯ ಆವೃತ್ತಿಯಲ್ಲಿ, ಫ್ರಾನ್ಸಿನ ತುಲೂಸ್‌ನವರು ಹೊಸ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದರು. ಎರಡೂ ಕಡೆಯ ವಿವರ ಒಂದಕ್ಕೊಂದು ಸರಿಯಾಗಿ ಹೊಂದಲಿಲ್ಲ. ಜೋಡಿಸುವಾಗ ತಂತಿಯ ಕಟ್ಟುಗಳು ಗಿಡ್ಡವಾಗಿ, ಸೇರಬೇಕಾದಲ್ಲಿ ಸೇರಲಿಲ್ಲ. 2006ರಲ್ಲಿ ತಡದ ಮೇಲೆ ತಡ ಘೋಷಣೆಯಾಗಿ ಮೊದಲ ವಿಮಾನ ಸಿಂಗಪುರದವರ ಕೈ ಸೇರಿದ್ದು 2007ರ ಅಕ್ಟೋಬರಿನಲ್ಲಿ. ಅಲ್ಲಿ ಎಂಜಿನಿಯರುಗಳಿಗೆ ಬುದ್ಧಿ ಕಡಿಮೆ ಇರಲಿಲ್ಲ. ಎರಡು ಕಡೆ ಎರಡು ಪದ್ಧತಿ ಇದ್ದವು.

ಹಾಗಾದರೆ ಡೀಫಾಲ್ಟ್ ಇಡುವುದು ಹೇಗೆ? ನಾವು ಕೆಲಸದಲ್ಲಿ ಪಾಲಿಸುವ ನಾಲ್ಕು ಮಾತು ಹೇಳುತ್ತೇನೆ. ಇದರಲ್ಲಿ ಕಂಪ್ಯೂಟರ್ ವಿದ್ಯೆ ಕಡಿಮೆ, ವಿವೇಕ ಹೆಚ್ಚು.

ಮೊದಲನೆಯದು, ನಕ್ಷೆಯನ್ನು ಕೊನೆಗೆ ಓದುವವರು ಯಾರು ಎಂದು ಕೇಳಿಕೊಳ್ಳುವುದು. ಬರೆಯುವ ಎಂಜಿನಿಯರು ದೊಡ್ಡ ಪರದೆಯ ಮುಂದೆ, ತಂಪು ಕೋಣೆಯಲ್ಲಿ ಕೂತಿರುತ್ತಾರೆ. ಅವರಿಗೆ ಚಿಹ್ನೆಯ ಮೇಲೆ ಎರಡು ಸಲ ಒತ್ತಿದರೆ ಎಲ್ಲ ವಿವರ ಸಿಗುತ್ತದೆ. ಕೊನೆಗೆ ಓದುವವರ ಕೈಯಲ್ಲಿ ಇರುವುದು ಮುದ್ರಿಸಿದ ಹಾಳೆ, ಅದೂ ಎಣ್ಣೆ ಮೆತ್ತಿದ ಹಾಳೆ. ಒಂದು ಕೈಯಲ್ಲಿ ಟಾರ್ಚು. ಅವರಿಗೆ ಓದಲು ಆಗುವಷ್ಟು ದೊಡ್ಡ ಅಕ್ಷರ, ಬೇಕಾದಷ್ಟು ವಿವರ ಇರಬೇಕು.

ಎರಡನೆಯದು, ಪ್ರಾಣಕ್ಕೆ ಸಂಬಂಧಿಸಿದ್ದನ್ನು ಮರೆಮಾಡಬಾರದು. ತಯಾರಕರ ಮಾಲಿನ ನಂಬರು ಪಟ್ಟಿಯಲ್ಲಿದ್ದರೆ ಸಾಕು, ಚಿಹ್ನೆಯ ಪಕ್ಕ ಬೇಡ. ಆದರೆ ಎಷ್ಟು ವೋಲ್ಟ್, ಯಾವ ಬಣ್ಣ, ಎಷ್ಟು ದಪ್ಪದ ತಂತಿ, ಆಫ್ ಮಾಡಿದರೆ ಸತ್ತುಹೋಗುತ್ತದೋ ಇಲ್ಲವೋ, ಇವು ಹಾಳೆಯ ಮೇಲೆ ಕಾಣಲೇಬೇಕು. ಎಲ್ಲವನ್ನೂ ತೋರಿಸುತ್ತೇನೆ ಎಂದು ಹೊರಟರೆ ಅದೂ ಅಪಾಯ. ಜಾತ್ರೆಯ ಗದ್ದಲದಲ್ಲಿ ಮಗು ಕೂಗಿದ್ದು ಕೇಳಿಸದ ಹಾಗೆ ಮುಖ್ಯವಾದದ್ದು ಮುಚ್ಚಿಹೋಗುತ್ತದೆ.

ಮೂರನೆಯದು, ಬದಲಾವಣೆಯನ್ನು ಬುಡದಲ್ಲಿ ಮಾಡಬೇಕು. ಸಾಫ್ಟ್‌ವೇರಿನಲ್ಲಿ ಡೀಫಾಲ್ಟ್‌ಗಳು ಮೆಟ್ಟಿಲಿನ ಹಾಗೆ ಇರುತ್ತವೆ: ತಯಾರಕರದು, ಅದರ ಮೇಲೆ ಕಂಪನಿಯದು, ಆಮೇಲೆ ಒಂದೊಂದು ಪ್ರಾಜೆಕ್ಟಿನದು, ಒಂದೊಂದು ಹಾಳೆಯದು, ಕೊನೆಗೆ ಒಂದೊಂದು ಚಿಹ್ನೆಯದು. ಮೇಲಿನ ಮೆಟ್ಟಿಲಿನಲ್ಲಿ ಬೇರೆ ಹೇಳಿದ್ದರೆ ಕೆಳಗಿನದು ನಡೆಯುವುದಿಲ್ಲ. ಆತುರದಲ್ಲಿ ಒಂದು ಚಿಹ್ನೆಯನ್ನು ಮಾತ್ರ ಕೈಯಿಂದ ಸರಿಪಡಿಸಿದರೆ ಅದು ಸಾಲಿನಿಂದ ಹೊರಗೆ ಬಿದ್ದ ಹಾಗೆ. ನಾಳೆ ಕಂಪನಿಯ ನಿಯಮವನ್ನೇ ತಿದ್ದಿದರೂ ಆ ಒಂದು ಚಿಹ್ನೆಗೆ ಅದು ತಲುಪುವುದಿಲ್ಲ. ಈಪ್ಲಾನ್‌ನಲ್ಲಿ ಹೀಗೆ ಕೈಯಿಂದ ತಿದ್ದಿದ ಚಿಹ್ನೆಗಳನ್ನು ಹುಡುಕಿ ಮತ್ತೆ ಸಾಲಿಗೆ ತರುವುದಕ್ಕೇ ನಮ್ಮ ಎಷ್ಟೋ ದಿನಗಳು ಹೋಗಿವೆ. ಆಟೋಕ್ಯಾಡ್ ಎಲೆಕ್ಟ್ರಿಕಲ್ ಹೊಸ ಹಾಳೆ ಸೇರಿಸುವಾಗ, ಪ್ರಾಜೆಕ್ಟಿನ ಡೀಫಾಲ್ಟನ್ನು ಈ ಹಾಳೆಗೂ ಅನ್ವಯಿಸಲೇ ಎಂದು ಕೇಳುತ್ತದೆ. ಓದದೆ ಒತ್ತಿಬಿಡುವ ಪ್ರಶ್ನೆ ಅದು. ಅಲ್ಲಿ ಒಂದು ಕ್ಷಣ ನಿಂತು ಓದುವವರೇ ಒಳ್ಳೆಯ ಎಂಜಿನಿಯರು.

ನಾಲ್ಕನೆಯದು, ಕಾರಣ ಬರೆದಿಡಬೇಕು. ಈ ವಿವರವನ್ನು ಯಾಕೆ ಮರೆಮಾಡಿದ್ದೇವೆ, ಈ ಬಣ್ಣ ಯಾಕೆ ಎಂದು ಒಂದು ಸಾಲು. ಮಾಡಿದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಕಾರಣ ಗೊತ್ತಿಲ್ಲದ ನಿಯಮವನ್ನು ಮುಂದಿನವರು ಒಂದೋ ಕುರುಡಾಗಿ ಪಾಲಿಸುತ್ತಾರೆ, ಇಲ್ಲವೇ ಕುರುಡಾಗಿ ಕಿತ್ತುಹಾಕುತ್ತಾರೆ.

ಈ ಮಾತು ಬರೀ ಕಾರ್ಖಾನೆಗಲ್ಲ. ನಮ್ಮ ತೋಟದ ಸ್ಟಾರ್ಟರ್‌ಗಳಲ್ಲೂ 230 ವೋಲ್ಟಿನ ಕಾಯಿಲ್ ಇದೆ, 415 ವೋಲ್ಟಿನ ಕಾಯಿಲ್ ಇದೆ. ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ವೈರಿಂಗ್ ಮಾಡಿದವರು ಒಬ್ಬರು, ರಿಪೇರಿಗೆ ಬರುವವರು ಇನ್ನೊಬ್ಬರು. ತ್ರೀ ಫೇಸ್ ರಾತ್ರಿ ಬಂದರೆ ಕೆಲಸವೂ ರಾತ್ರಿಯೇ. ಆದ್ದರಿಂದ ಊರಿನವರಲ್ಲಿ ನನ್ನ ಒಂದು ವಿನಂತಿ. ಪಂಪ್‌ಮನೆಯ ಸ್ಟಾರ್ಟರ್ ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿ. ಮೋಟಾರ್ ಎಷ್ಟು ಎಚ್‌ಪಿ, ಎಷ್ಟು ಆಂಪಿಯರ್. ಕಾಯಿಲ್ ಎಷ್ಟು ವೋಲ್ಟ್. ಓವರ್‌ಲೋಡ್ ರಿಲೇ ಎಷ್ಟಕ್ಕೆ ಇಟ್ಟಿದೆ. ಯಾವ ಬಣ್ಣದ ತಂತಿ ಏನು. ಯಾವ ದಿನ ಯಾರು ಕೆಲಸ ಮಾಡಿದರು. ಐದು ಸಾಲು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇಷ್ಟಿದ್ದರೂ ಕಾಗದವನ್ನು ನಂಬಿ ಕೈ ಹಾಕಬೇಡಿ. ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮುಟ್ಟಿ. ಬಣ್ಣ ಹೇಳುವುದು ಬರೀ ಹೇಳಿಕೆ. ಟೆಸ್ಟರ್ ಹೇಳುವುದು ಸಾಕ್ಷಿ.

ಶಾಲೆಗೂ ಒಂದು ಸಲಹೆ. 50 ವರ್ಷದಲ್ಲಿ ಈ ಕಟ್ಟಡಕ್ಕೆ ಕೋಣೆಗಳು ಸೇರಿವೆ, ಕಂಪ್ಯೂಟರ್ ಲ್ಯಾಬ್ ಸೇರಿದೆ, ಬಿಸಿಯೂಟದ ಅಡುಗೆಮನೆ ಸೇರಿದೆ. ಪ್ರತಿ ಸಲವೂ ವೈರಿಂಗ್ ಸೇರಿದೆ. ಮೇನ್ ಬೋರ್ಡಿನಿಂದ ಯಾವ ಸ್ವಿಚ್ ಯಾವ ಕೋಣೆಗೆ ಎಂಬ ಒಂದು ನಕ್ಷೆ ಇದ್ದರೆ ಎಷ್ಟು ಚೆನ್ನ. ದಸರಾ ರಜೆಯಲ್ಲಿ ನಾನು ಬರುತ್ತೇನೆ. ಬೋರ್ಡು ತೆರೆದು ನೋಡುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ಮಕ್ಕಳು ದೂರ ಕೂತು ಬರೆದುಕೊಳ್ಳಲಿ. ಆಮೇಲೆ ಕ್ಯೂಎಲೆಕ್ಟ್ರೋಟೆಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂಬತ್ತನೇ ತರಗತಿಯವರೇ ಅದನ್ನು ಬಿಡಿಸಲಿ. ಅದು ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮೊದಲ ದಿನ ಗೆರೆ ಎಳೆಯುವುದಿಲ್ಲ. ಮೊದಲ ದಿನ ಎಲ್ಲರೂ ಕೂತು ಏನನ್ನು ತೋರಿಸಬೇಕು, ಹೇಗೆ ಹೆಸರಿಡಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಎಂದು ತೀರ್ಮಾನ ಮಾಡೋಣ. ನಕ್ಷೆಯ ಕೆಲಸದಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಕೊನೆಯದಾಗಿ ಒಂದು ಮಾತು. ಬದುಕಿನಲ್ಲೂ ಯಾರೋ ಇಟ್ಟ ಡೀಫಾಲ್ಟ್‌ಗಳು ಬೇಕಾದಷ್ಟಿವೆ. ಹುಡುಗ ಆದರೆ ಸೈನ್ಸ್, ಹುಡುಗಿ ಆದರೆ ಹತ್ತಿರದ ಕಾಲೇಜಿನಲ್ಲಿ ಏನಿದೆಯೋ ಅದು. ಅಪ್ಪ ಅಮ್ಮ ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ. ಯಾರೂ ಬೇರೆ ಹೇಳದಿದ್ದರೆ ಹಾಗೇ ನಡೆಯುತ್ತದೆ, ಅಷ್ಟೆ. ಎಲ್ಲವನ್ನೂ ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಮಾರ್ಜಿನ್ ಬಿಡುವುದು ಒಳ್ಳೆಯದೇ. ಇದನ್ನು ಯಾರು, ಯಾವಾಗ, ಯಾಕೆ ತೀರ್ಮಾನಿಸಿದರು ಎಂದು ಒಮ್ಮೆ ಕೇಳಿ. ಕಾರಣ ಸರಿ ಇದ್ದರೆ ಪಾಲಿಸಿ. ಕಾರಣ ಹೋಗಿ ನಿಯಮ ಮಾತ್ರ ಉಳಿದಿದ್ದರೆ ಮೇಷ್ಟ್ರ ಹತ್ತಿರ, ಮನೆಯವರ ಹತ್ತಿರ ಬಾಯಿಬಿಟ್ಟು ಮಾತಾಡಿ. ನೀವು ಸುಮ್ಮನಿದ್ದರೆ ಸಕ್ಕರೆ ಹಾಕಿದ ಕಾಫಿಯೇ ಬರುತ್ತದೆ.

ಲೆಕ್ಕದ ಕೊನೆಯಲ್ಲಿ ಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದ ಗುರುಗಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸರ್, ಆ ಅರ್ಧ ಅಂಕದ ಬೆಲೆ ಈಗ ನನ್ನ ಕೆಲಸದಲ್ಲಿ ದಿನವೂ ಕಾಣುತ್ತಿದೆ. ಬರೀ 24 ಎಂದು ಬರೆದರೆ ಅದು ಅಂಕಿ; 24 ವೋಲ್ಟ್ ಎಂದು ಬರೆದರೆ ಇನ್ನೊಬ್ಬರ ಜೀವಕ್ಕೆ ಕೊಟ್ಟ ಮರ್ಯಾದೆ. ಇದನ್ನು ಕಲಿಸಿದ ಈ ಶಾಲೆಗೆ, ಎಲ್ಲ ಗುರುಗಳಿಗೆ, ಶಾಲೆಯನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಊರಿಗೆ ನನ್ನ ನಮಸ್ಕಾರಗಳು.